ಮಲ್ಲಿಗಾ ಮೇಲೆ ಬರೆದ ದೂರು

ಬದುಕಿರುವಾಗಲೇ ಸಾವಿನ ಖರ್ಚಿಗೆ ಕಂತು ಕಟ್ಟುವ ಯೋಜನೆಯೊಂದಿದೆ ಎಂದು ಕೇಳಿದಾಗ ನರಹರಿಗೆ ಮೈ ಉರಿದಿತ್ತು. ಕುತೂಹಲ ಹುಟ್ಟಿದ್ದು ಅವನ ತಾಯಿಗೆ.

ಸರೋಜಿನಿಯಮ್ಮ ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದವರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಮಲಯ್ ನಾಡಿನ ಪೆಟಾಲಿಂಗ್ ಜಯಾಕ್ಕೆ ಬಂದಿದ್ದರು. ಅಪರಿಚಿತರ ದನಿ ಕೇಳಿಯೇ ಮಂದಿ ಎಂಥವರೆಂದು ಹೇಳುವ ಅಭ್ಯಾಸ ಅವರಿಗೆ ನೌಕರಿಯಿಂದ ಬಂದದ್ದು. ಎರಡು ಸಾವಿರದ ಹತ್ತೊಂಬತ್ತರ ಕೊನೆಗೆ, ತಮಿಳರ ದಿನಸಿ ಅಂಗಡಿಗೆ ಕರಿಬೇವು ತರಲು ಹೋದವರು, ಅಂಗಡಿಯ ಬಾಗಿಲ ಪಕ್ಕ ಪುಟ್ಟ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬಳನ್ನು ಮನೆಗೇ ಕರೆದುಕೊಂಡು ಬಂದರು. ಅವಳೇ ಮಲ್ಲಿಗಾ. ನಲವತ್ತರ ಆಸುಪಾಸಿನವಳು, ಕಂಪನಿಯ ನೇರಳೆ ಬಣ್ಣದ ಕೋಟು, ಹಣೆಯಲ್ಲಿ ವಿಭೂತಿ. ಅಂತ್ಯಸಂಸ್ಕಾರದ ವಿಮೆ ಮಾರುವ ಏಜೆಂಟ್.

"ಇದೆಲ್ಲ ಬೇಡಮ್ಮ, ಅಪಶಕುನ" ಎಂದ ನರಹರಿ.

"ಸುಮ್ನಿರಪ. ಸಾಯೋದು ನಾನು, ನಿಂಗ್ಯಾಕೆ ಅಪಶಕುನ?" ಎಂದು ತಾಯಿ ಅವಳಿಗೆ ಕಾಫಿ ತರಿಸಿದರು. ಸರೋಜಿನಿಯಮ್ಮನಿಗೆ ಎಕ್ಸ್‌ಚೇಂಜಿನ ಕಾಲದ ಹರಕು ತಮಿಳು ಬರುತ್ತಿತ್ತು. ಮಲ್ಲಿಗಾಗೆ ತಮಿಳು, ಮಲಯ್, ಇಂಗ್ಲಿಷ್ ಮೂರೂ ಬರುತ್ತಿದ್ದವು. ಅವರಿಬ್ಬರ ಮಾತು ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತಿತ್ತು, ಆದರೂ ಒಬ್ಬರದು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ತಾಯಿ ಕೇಳಿದ ಪ್ರಶ್ನೆಗಳು ಒಂದೆರಡಲ್ಲ. ಸ್ನಾನ ಮಾಡಿಸುವವರು ಹೆಂಗಸರೇನಾ? ಸೀರೆ ನಮ್ಮದೇ ಉಡಿಸ್ತಾರಾ? ಪುರೋಹಿತರು ಎಲ್ಲಿಯವರು? ಬೂದಿಯನ್ನು ಸಮುದ್ರಕ್ಕೆ ಬಿಡೋ ದೋಣಿಯ ಬಾಡಿಗೆ ಇದರಲ್ಲೇ ಸೇರ್ತದಾ? ಎಲ್ಲ ಕೇಳಿ ಮುಗಿಸಿ, ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಇನ್ನೊಂದು ಕೇಳಿದರು.

"ನೋಡವ್ವ, ನಮ್ಮ ಯಜಮಾನ್ರು ದಾವಣಗೆರೆ ಆಸ್ಪತ್ರೆ ಶವಾಗಾರದಾಗ ಒಂದು ಇಡೀ ದಿನ ಒಬ್ಬರೇ ಬಿದ್ದಿದ್ರು. ಕಾಗದಪತ್ರ ಅಂತ ನಾವೆಲ್ಲ ಓಡಾಡ್ತಾ ಇದ್ವಿ. ನನಗೆ ಹಂಗಾಗಬಾರ್ದು. ಸುಡೋ ತನಕ ಯಾರಾದ್ರೂ ಒಬ್ರು ಜೊತೆಗಿರ್ತಾರಾ?"

"ಇರ್ತಾರೆ ಅಮ್ಮ" ಎಂದಳು ಮಲ್ಲಿಗಾ. "ಪ್ಯಾಕೇಜ್‌ನಲ್ಲೇ ಇದೆ. ಕೊನೆ ತನಕ ನಮ್ಮವರೊಬ್ಬರು ಇರಲೇಬೇಕು."

ಸರೋಜಿನಿಯಮ್ಮ ತಮ್ಮ ಪಿಂಚಣಿಯ ಹಣದಿಂದಲೇ ಯೋಜನೆ ಕೊಂಡರು. ಅಲ್ಲಿಂದ ಮುಂದೆ ಮಲ್ಲಿಗಾ ಹಬ್ಬ ಬಂದರೆ ಮುರುಕು, ಅಂದರೆ ಚಕ್ಕುಲಿ, ತಂದುಕೊಡುತ್ತಿದ್ದಳು. ಲಾಕ್‌ಡೌನಿನಲ್ಲಿ ಫೋನ್ ಮಾಡಿ ಮಾತ್ರೆ ಸಿಗುತ್ತಿದೆಯೇ ಎಂದು ವಿಚಾರಿಸುತ್ತಿದ್ದಳು. ನರಹರಿ ಅದನ್ನೆಲ್ಲ ವ್ಯಾಪಾರದ ಜಾಣತನ ಎಂದುಕೊಂಡಿದ್ದ.

ನರಹರಿ ಶಾ ಆಲಂ ಕಡೆಯ ಒಂದು ರಬ್ಬರ್ ಗ್ಲೌಸ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಮ್ಯಾನೇಜರ್. ಊರೆಲ್ಲ ಬಾಗಿಲು ಹಾಕಿದರೂ ಗ್ಲೌಸ್ ಕಾರ್ಖಾನೆ ನಿಲ್ಲಲಿಲ್ಲ. ಎರಡು ಸಾವಿರದ ಇಪ್ಪತ್ತೊಂದರ ಜುಲೈನಲ್ಲಿ ಅವನ ವಿಭಾಗದಲ್ಲೇ ಮೂವತ್ತು ಜನರಿಗೆ ಸೋಂಕು ತಗುಲಿತು. ಪಕ್ಕದ ಮೇಜಿನಲ್ಲಿ ಹತ್ತು ವರ್ಷ ಕೂತಿದ್ದ ಸಹೋದ್ಯೋಗಿಯೊಬ್ಬ ಆರೇ ದಿನದಲ್ಲಿ ತೀರಿಕೊಂಡ. ಆಮೇಲಿನ ಸೋಮವಾರ ನರಹರಿಗೇ ಪಾಸಿಟಿವ್ ಬಂತು. ಆರೋಗ್ಯ ಇಲಾಖೆಯವರು ಕೈಗೆ ಕ್ವಾರಂಟೈನಿನ ಗುಲಾಬಿ ಪಟ್ಟಿ ಕಟ್ಟಿ ಹತ್ತು ದಿನ ಮನೆಯಲ್ಲೇ ಇರು ಎಂದರು. ಬುಧವಾರ ತಾಯಿಗೆ ಉಸಿರು ಕಟ್ಟಿ, ಆಂಬ್ಯುಲೆನ್ಸ್ ಬಂದು ಆಸ್ಪತ್ರೆಗೆ ಕರೆದೊಯ್ಯಿತು. ಶುಕ್ರವಾರ ಹೆಂಡತಿ ಜಲಜಾ ಮತ್ತು ಹದಿನಾರರ ಮಗಳು ವಿಸ್ಮಯಾ ಇಬ್ಬರಿಗೂ ಪಾಸಿಟಿವ್. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು ಬಾಗಿಲು ಹಾಕಿಕೊಂಡು ಕೂತರು.

ಆಸ್ಪತ್ರೆಗೆ ಸೇರಿದ ಒಂಬತ್ತನೆಯ ದಿನ, ಗುರುವಾರ ಬೆಳಿಗ್ಗೆ, ಸರೋಜಿನಿಯಮ್ಮ ಹೋದರು. ದಾದಿಯೊಬ್ಬಳು ಫೋನಿನಲ್ಲಿ ಮೆಲ್ಲಗೆ ಹೇಳಿ, ಅವನು ಅಳುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಫೋನಿಟ್ಟಳು.

ಮಧ್ಯಾಹ್ನ ಮಲ್ಲಿಗಾ ಕರೆ ಮಾಡಿದಳು.

"ಸರ್, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ದಹನ ನಿಗದಿಯಾಗಿದೆ. ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ. ಸ್ನಾನ, ಸೀರೆ, ಪೂಜೆ ಯಾವುದಕ್ಕೂ ಬಿಡಲ್ಲ, ಮೈ ಸುತ್ತಿದ ಚೀಲ ಬಿಚ್ಚೋ ಹಾಗೇ ಇಲ್ಲ. ಕೋವಿಡ್ ಆದರೆ ನಮ್ಮ ಸ್ಟಾಫ್ ಯಾರೂ ಹೋಗಬಾರದು ಅಂತ ಕಂಪನಿಯ ಆರ್ಡರ್ ಕೂಡ ಇದೆ. ಆದರೆ ಮನೆಯವರು ಇಬ್ಬರು ದೂರದಲ್ಲಿ ನಿಂತು ನೋಡಬಹುದು. ಮೈಮುಚ್ಚೋ ಬಟ್ಟೆ ನಾನು ತಂದುಕೊಡ್ತೀನಿ. ನಿಮಗೆ ಬಿಡುಗಡೆ ಆಯ್ತಾ ಸರ್?"

ಬಿಡುಗಡೆ ಆಗಿತ್ತು. ಹಿಂದಿನ ದಿನವೇ ಮೊಬೈಲಿನಲ್ಲಿ ಸಂದೇಶ ಬಂದಿತ್ತು. ಗುಲಾಬಿ ಪಟ್ಟಿಯನ್ನು ಅವನೇ ಕತ್ತರಿಸಿ ಬಿಸಾಡಿದ್ದ. ಆದರೆ ಆ ಕ್ಷಣ ಅವನ ಕಣ್ಣಿಗೆ ಕಂಡದ್ದು ಆಸ್ಪತ್ರೆಯ ಹಿಂಬಾಗಿಲು, ಸಾಲಾಗಿ ಮಲಗಿಸಿದ ಚೀಲಗಳು, ಆರೇ ದಿನದಲ್ಲಿ ಹೋದ ಆ ಸಹೋದ್ಯೋಗಿ. ದಿನಕ್ಕೆ ಲಕ್ಷಗಟ್ಟಲೆ ಗ್ಲೌಸ್ ಪರೀಕ್ಷಿಸಿ ಜಗತ್ತಿಗೆಲ್ಲ ಕಳಿಸುವವನು, ಒಂದು ಜೊತೆ ಹಾಕಿಕೊಂಡು ತಾಯಿಯ ಬಳಿ ಹೋಗಲು ಹೆದರಿದ.

"ಇಲ್ಲ, ಭಾನುವಾರದವರೆಗೂ ಬಿಡಲ್ಲ" ಎಂದ.

ಮಲ್ಲಿಗಾ, "ಸರಿ ಸರ್. ನಾನು ನೋಡ್ತೀನಿ" ಎಂದಳು.

ಮುಚ್ಚಿದ ಬಾಗಿಲಿನಾಚೆಯಿಂದ ಜಲಜಾ ಕೇಳಿದಳು, "ಏನಂತೆ ರೀ? ನೀವಾದ್ರೂ ಹೋಗಬಹುದಂತಾ?"

"ಮನೆಯವರನ್ನ ಯಾರನ್ನೂ ಬಿಡಲ್ಲವಂತೆ" ಎಂದ ನರಹರಿ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿಯೇ ಬಂದು ಜೊತೆಗೂಡಿತು.

ಶನಿವಾರ ಹತ್ತು ಗಂಟೆಗೆ ಅವನು ತಲೆಗೆ ಸ್ನಾನ ಮಾಡಿ ದೇವರ ಮುಂದೆ ಕೂತಿದ್ದ. ಹನ್ನೆರಡೂವರೆಗೆ, ಒಂದಕ್ಕೆ, ಒಂದೂವರೆಗೆ ಮಲ್ಲಿಗಾಳ ಕರೆ ಬಂತು. ಎತ್ತಲಿಲ್ಲ. ಒಂದು ಧ್ವನಿಸಂದೇಶವೂ ಬಂತು. ಕೇಳಲಿಲ್ಲ. ಅವಳ ದನಿ ಕೇಳಿದರೆ ತನ್ನ ಸುಳ್ಳು ತನಗೇ ಕೇಳಿಸುತ್ತದೆ ಎಂಬ ಭಯ.

ಭಾನುವಾರ ಕಂಪನಿಯ ಕಚೇರಿಯಿಂದ ಮಿಂಚಂಚೆ ಬಂತು. ಸಾಂಕ್ರಾಮಿಕ ಕಾಯಿಲೆಯ ಸಾವಿಗೆ ಯೋಜನೆಯ ಸೇವೆಗಳು ಅನ್ವಯಿಸುವುದಿಲ್ಲ, ಬಳಸದ ಸೇವೆಗಳ ಬಾಬ್ತು ಒಂದಷ್ಟು ಹಿಂತಿರುಗಿಸಲಾಗುವುದು, ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ಅದನ್ನು ಓದುತ್ತ ನರಹರಿಯ ಒಳಗೆ ಮೂರು ದಿನದಿಂದ ಕುದಿಯುತ್ತಿದ್ದದ್ದಕ್ಕೆ ದಾರಿ ಸಿಕ್ಕಿತು. ಕೋಪ ಮಾಡಿಕೊಳ್ಳಲು ಯಾರೋ ಸಿಕ್ಕಿದ್ದೇ ಅವನಿಗೆ ಹಾಯೆನಿಸಿತು.

ಕಂಪನಿಯ ಪುಟದಲ್ಲಿ ಒಂದೇ ಒಂದು ನಕ್ಷತ್ರ ಕೊಟ್ಟು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದ. ಅದನ್ನೇ ಕನ್ನಡ ಮಾಡಿ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಹಾಕಿದ. "ನಾನು ಕ್ವಾರಂಟೈನಿನಲ್ಲಿ ಅಸಹಾಯಕನಾಗಿ ಬಿದ್ದಿದ್ದಾಗ ನನ್ನ ತಾಯಿಯನ್ನು ಅನಾಥ ಹೆಣದಂತೆ ಸುಟ್ಟರು. ಕೊನೆ ತನಕ ಜೊತೆಗಿರುತ್ತೇವೆ ಎಂದು ಮಾತು ಕೊಟ್ಟ ಏಜೆಂಟ್ ಮಲ್ಲಿಗಾ ಆ ಕಡೆ ತಲೆ ಕೂಡ ಹಾಕಲಿಲ್ಲ. ಇಂಥ ಸುಳ್ಳುಗಾತಿಯರನ್ನು ನಂಬಬೇಡಿ." ಬರೆದು, ಕಳಿಸಿ, ಮಲ್ಲಿಗಾಳ ನಂಬರನ್ನು ಬ್ಲಾಕ್ ಮಾಡಿದ.

ಬರಹ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಬಯಾನ್ ಲೆಪಾಸ್, ಮೆಲಾಕಾದಂಥ ದೂರದ ಊರುಗಳಿಂದ ಕಂಡು ಕೇಳದವರೆಲ್ಲ ಫೋನ್ ಮಾಡಿ ಸಮಾಧಾನ ಹೇಳಿದರು. ಗುಂಪನ್ನು ನಡೆಸುತ್ತಿದ್ದ ಕುಂದಾಪುರದ ನಿತ್ಯಾನಂದ, "ಬಿಡ್ಬೇಡಿ ಮಾರಾಯ್ರೆ, ಇಂಥವ್ರಿಗೆ ಬುದ್ಧಿ ಕಲಿಸ್ಲೇಬೇಕು" ಎಂದ. ವಿಸ್ಮಯಾ ಅದನ್ನು ತನ್ನ ಗೆಳತಿಯರಿಗೆಲ್ಲ ಹಂಚಿ, ಅಜ್ಜಿಯ ಫೋಟೋ ಸೇರಿಸಿ, ಬಾಗಿಲ ಸಂದಿಯಿಂದ, "ಐ ಆಮ್ ಪ್ರೌಡ್ ಆಫ್ ಯೂ, ಅಪ್ಪಾ" ಎಂದಳು. ಅವನು "ಹೂಂ" ಎಂದ.

ಬೂದಿ ತರಲು ಹೋಗಿದ್ದು ಎರಡು ವಾರ ಕಳೆದ ಮೇಲೆ. ಜಲಜಾಗೆ ಇನ್ನೂ ಸುಸ್ತು ಬಿಟ್ಟಿರಲಿಲ್ಲ, ಹಾಗಾಗಿ ಒಬ್ಬನೇ ಹೋದ. ಚಿತಾಗಾರದ ಕಚೇರಿಯಲ್ಲಿ ಮುನಿಯಾಂಡಿ ಎಂಬ ಮುದುಕ ಕೂತಿದ್ದ. ಹೆಸರು ಕೇಳಿ, ಒಳಗಿನಿಂದ ಬಿಳಿ ಬಟ್ಟೆ ಸುತ್ತಿದ ಮಡಕೆ ತಂದು ಮೇಜಿನ ಮೇಲಿಟ್ಟು, ಸಹಿಗೆಂದು ದಪ್ಪ ಪುಸ್ತಕ ತೆರೆದ.

"ಸರೋಜಿನಿ ಅಮ್ಮಾಳ್... ನೆನಪಿದೆ. ನಿಮ್ಮ ತಂಗಿ ಬಂದಿದ್ದರಲ್ಲ."

"ನನಗೆ ತಂಗಿ ಇಲ್ಲ" ಎಂದ ನರಹರಿ.

ಮುನಿಯಾಂಡಿ ಬೆರಳು ಎಳೆದು ಒಂದು ಸಾಲು ತೋರಿಸಿದ. ಬಂದ ಹೊತ್ತು, ಒಂಬತ್ತು ಇಪ್ಪತ್ತು. ಹೆಸರು, ಮಲ್ಲಿಗಾ. ಮೃತರಿಗೆ ಸಂಬಂಧ ಎಂಬಲ್ಲಿ ಮಲಯ್‌ನಲ್ಲಿ 'ಮಗಳು' ಎಂದು ಬರೆದಿತ್ತು.

"ಆ ದಿನ ಗಾಡಿ ತಡವಾಗಿ ಬಂತು. ಮೂರು ಗಂಟೆ ಹೊತ್ತು ಆ ಪ್ಲಾಸ್ಟಿಕ್ ಬಟ್ಟೆ ಹಾಕಿಕೊಂಡು ಬಿಸಿಲಲ್ಲೇ ನಿಂತಿದ್ದರು. ಕೂತ್ಕೊಳ್ಳಮ್ಮ ಅಂದರೂ ಕೂರಲಿಲ್ಲ. ಒಂದು ಸೀರೆ ತಂದಿದ್ದರು, ಪೆಟ್ಟಿಗೆ ಮೇಲೆ ಹೊದಿಸಿಬಿಡಿ ಅಂತ ನಮ್ಮ ಹುಡುಗರ ಕೈಗೆ ಕೊಟ್ಟರು. ದೂರದಲ್ಲೇ ನಿಂತು ದೇವರ ಹಾಡು ಹೇಳಿದರು. ಒಳಗೆ ಕಳಿಸೋ ತನಕ ಹಾಡ್ತಾನೇ ಇದ್ದರು. ಆ ವಾರ ಎಷ್ಟೋ ಪೆಟ್ಟಿಗೆ ಬಂದವು ತಂಬಿ, ಹಿಂದೆ ಒಂದು ನರಪಿಳ್ಳೆ ಇಲ್ಲ. ನಿಮ್ಮಮ್ಮ ಪುಣ್ಯವಂತರು."

ನರಹರಿ ಸಹಿ ಹಾಕಿದ. ಮಡಕೆಯನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಬಿಗಿದು, ಫೋನ್ ತೆಗೆದ. ಬ್ಲಾಕ್ ಮಾಡುವ ಮುಂಚೆ ಬಂದ ಆ ಧ್ವನಿಸಂದೇಶ ಅಲ್ಲೇ ಇತ್ತು. ಒತ್ತಿದ.

"ಸರ್, ಈಗ ಮುಗೀತು. ಅಮ್ಮ ಒಬ್ಬರೇ ಇರಲಿಲ್ಲ, ನಾನಿದ್ದೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಒಂದೇ ಮಾತು ಸರ್, ನಾನು ಬಂದದ್ದು ಕಂಪನಿಗೆ ಗೊತ್ತಾಗೋದು ಬೇಡ. ಗೊತ್ತಾದರೆ ಕೆಲಸದಿಂದ ತೆಗೀತಾರೆ. ನಿಮಗೆ ಮಾತ್ರ ಹೇಳ್ತಿದ್ದೀನಿ."

ಅವನು ಎರಡನೇ ಸಲ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಪಕ್ಕದಲ್ಲಿ ತಾಯಿಯ ಬೂದಿ. ಆ ಕಡೆ ತಿರುಗಿ ನೋಡಲಾಗದೆ, ಮನೆ ಸೇರುವ ತನಕ ರಸ್ತೆಯನ್ನಷ್ಟೇ ನೋಡುತ್ತ ಕಾರು ಓಡಿಸಿದ.

ಮರುದಿನ ಕಂಪನಿಗೆ ಫೋನ್ ಮಾಡಿದಾಗ ಮಲ್ಲಿಗಾ ಈಗ ಅಲ್ಲಿಲ್ಲ ಎಂದರು. ದಿನಸಿ ಅಂಗಡಿಯವನು ಅವಳ ಮನೆ ತೋರಿಸಿದ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ನಾಲ್ಕನೇ ಮಹಡಿ. ನರಹರಿ ಏದುಸಿರು ಬಿಡುತ್ತ ಹತ್ತಿದ. ಬಾಗಿಲು ತೆರೆದಿತ್ತು. ಮಲ್ಲಿಗಾ ನೆಲದ ಮೇಲೆ ಕೂತು ಒತ್ತುಶಾವಿಗೆಯನ್ನು ನಾಲ್ಕು ನಾಲ್ಕಾಗಿ ಕಾಗದದಲ್ಲಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ತೆಂಗಿನ ತುರಿ, ಕಂದು ಸಕ್ಕರೆ. ಅವನನ್ನು ನೋಡಿ ಮಾಸ್ಕ್ ಏರಿಸಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ.

"ಗೊತ್ತಾಯ್ತಾ ಸರ್?" ಎಂದಳು.

"ಬೂದಿ ತರೋಕೆ ಹೋಗಿದ್ದೆ. ಮುನಿಯಾಂಡಿ ಹೇಳಿದರು." ನರಹರಿ ಹೊಸ್ತಿಲ ಹೊರಗೇ ನಿಂತ. "ಮಲ್ಲಿಗಾ, ನನ್ನಿಂದ ದೊಡ್ಡ ತಪ್ಪಾಯ್ತು. ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲವಾ? ಮೂರು ಸಲ ಫೋನ್ ಮಾಡಿದೆ. ಮೆಸೇಜ್ ಕಳಿಸಿದೆ." ಅವಳು ಕಟ್ಟುವುದನ್ನು ನಿಲ್ಲಿಸಲಿಲ್ಲ. "ನೀವು ಬರೆದು ಎರಡು ದಿನಕ್ಕೆ ಆಫೀಸಿಗೆ ಕರೆದರು. ಏಕೆ ಹೋಗಲಿಲ್ಲ ಅಂತ ಗ್ರಾಹಕರು ಕೇಳ್ತಿದ್ದಾರೆ, ಉತ್ತರ ಕೊಡು ಅಂದರು. ಹೋಗಲಿಲ್ಲ ಅಂದರೆ ನಾನು ಮಾತು ತಪ್ಪಿದವಳು. ಹೋದೆ ಅಂದರೆ ಆರ್ಡರ್ ಮುರಿದವಳು. ಹೋದದ್ದನ್ನೇ ಹೇಳಿದೆ. ಮನೆಯವರು ಅಂತ ಸುಳ್ಳು ಬರೆದು ಒಳಗೆ ಹೋಗಿದ್ದೀಯ ಅಂತ ಅದಕ್ಕೂ ಸೇರಿಸಿ ತೆಗೆದರು."

"ನಾನು ಅವರ ಹತ್ತಿರ ಮಾತಾಡ್ತೀನಿ."

"ಸರ್, ಒಂದು ಕೇಳಲಾ?" ಮಲ್ಲಿಗಾ ಮೊದಲ ಸಲ ಅವನ ಮುಖ ನೋಡಿದಳು. "ಅಮ್ಮನ್ನ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ನೀವೇ ಫೋನ್ ಮಾಡಿ, ನನಗೆ ಪಾಸಿಟಿವ್ ಬಂದು ಎರಡು ದಿನ ಆಯ್ತು ಅಂದಿದ್ದಿರಿ. ಹತ್ತು ದಿನ ಎಣಿಸೋಕೆ ನನಗೂ ಬರುತ್ತೆ. ಬುಧವಾರವೇ ಬಿಡುಗಡೆ ಆಗಿತ್ತು, ಅಲ್ವಾ?"

ಮೆಟ್ಟಿಲಿನಲ್ಲಿ ಯಾರೋ ಬಕೆಟ್ ಹಿಡಿದು ಇಳಿದು ಹೋದರು. ನರಹರಿ ಅವರು ದಾಟುವವರೆಗೆ ಕಾಯುವವನ ಹಾಗೆ ನಿಂತಿದ್ದ. ಆಮೇಲೆ, "ಹೌದು" ಎಂದ. "ಹೆದರಿಬಿಟ್ಟೆ."

"ನಾನೂ ಹೆದರಿದ್ದೆ ಸರ್. ಮನೇಲಿ ಇಬ್ಬರು ಮಕ್ಕಳಿದ್ದಾರೆ. ಹೆದರಿದ್ದು ತಪ್ಪಲ್ಲ. ಫೋನಲ್ಲೇ ಹೇಳಿದ್ದರೆ ನಾನು ಏನೂ ಅಂದುಕೊಳ್ಳುತ್ತಿರಲಿಲ್ಲ."

"ನಮ್ಮ ಕಾರ್ಖಾನೆಯಲ್ಲಿ ಪ್ಯಾಕಿಂಗ್‌ಗೆ ಜನ ಬೇಕು. ನಾನು ಹೇಳಿದರೆ..."

"ನಿಮ್ಮಿಂದ ನನಗೇನೂ ಬೇಡ." ದನಿ ಏರಿರಲಿಲ್ಲ. ಆದರೆ ನರಹರಿ ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಹೆಸರು ಹಾಕಿ ಸುಳ್ಳುಗಾತಿ ಅಂತ ಬರೆದಿದ್ದೀರಿ. ಯಾರೋ ಅದನ್ನ ತಮಿಳು ಮಾಡಿ ಎಲ್ಲ ಕಡೆ ಹಾಕಿದ್ದಾರೆ. ನನ್ನ ಮಗಳು ಓದಿದಳು. ಅದನ್ನ ಸರಿ ಮಾಡಿ. ಅಷ್ಟೇ. ಈಗ ಹೋಗಿ ಸರ್, ಇವನ್ನೆಲ್ಲ ಬಿಸಿ ಇರುವಾಗಲೇ ತಲುಪಿಸಬೇಕು."

ಮನೆಗೆ ಬಂದು, ಊಟದ ಮೇಜಿನ ಬಳಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ಯಾವುದನ್ನೂ ಬಿಡದೆ ಹೇಳಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದರೂ ಬುಧವಾರದ ವಿಷಯ ಬಂದಾಗ ನಾಲಿಗೆ ತೊದಲಿತು.

ಜಲಜಾ, "ಮನೆಯವರನ್ನ ಬಿಡಲ್ಲ ಅಂದ್ರಿ ನನಗೆ. ಆ ಮಾತು ನಂಬಿ, ಪಾಪ ಇವರಿಗೆ ಎಷ್ಟು ಸಂಕಟವಾಗಿರಬೇಕು ಅಂತ ನಾನು ಒಳಗೆ ಕೂತು ಅತ್ತೆ. ನಿಮ್ಮಮ್ಮ ಹೋಗಿದ್ದಕ್ಕಿಂತ ನಿಮಗೋಸ್ಕರ ಜಾಸ್ತಿ ಅತ್ತೆ" ಎಂದಳು. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು, ಪಾತ್ರೆ ತೊಳೆಯುವ ಸದ್ದು ಕೇಳಲಿಲ್ಲ.

ವಿಸ್ಮಯಾ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದಳು. ಅವಳು ಅಂದು ಹಂಚಿದ್ದನ್ನು ಒಂದೊಂದಾಗಿ ಅಳಿಸುತ್ತಿದ್ದಾಳೆಂದು ಅವನಿಗೆ ತಡವಾಗಿ ತಿಳಿಯಿತು. "ಐ ಟೋಲ್ಡ್ ಎವ್ರಿವನ್, ಅಪ್ಪಾ" ಎಂದಳು ಅವಳು. "ಐ ಕಾಲ್ಡ್ ಹರ್ ನೇಮ್ಸ್ ಆಲ್ಸೋ." ಅವಳ ಕಣ್ಣುಗಳು ತುಂಬಿದ್ದವು. ಅವನು ತಲೆ ಸವರಲು ಕೈ ಚಾಚಿದ. ಅವಳು ಕುರ್ಚಿ ಹಿಂದಕ್ಕೆಳೆದುಕೊಂಡಳು.

ಅಂದೇ ಸಂಜೆ ತಿದ್ದುಪಡಿ ಬರೆಯಲು ಕೂತ. "ತಪ್ಪು ತಿಳುವಳಿಕೆಯಿಂದ ಬರೆದ ನನ್ನ ಹಿಂದಿನ ದೂರಿನ ಬಗ್ಗೆ" ಎಂದು ಶುರು ಮಾಡಿ, ಮಲ್ಲಿಗಾ ಚಿತಾಗಾರಕ್ಕೆ ಬಂದದ್ದು, ಬಿಸಿಲಲ್ಲಿ ನಿಂತದ್ದು, ಸೀರೆ ಹೊದಿಸಿದ್ದು, ಎಲ್ಲ ಬರೆದು ಜಲಜಾಳ ಮುಂದೆ ಹಿಡಿದ.

ಅವಳು ಓದಿ ವಾಪಸ್ ಕೊಟ್ಟಳು. "ಬುಧವಾರ ಎಲ್ಲಿದೆ ಇದರಲ್ಲಿ?"

ಮತ್ತೆ ಕೂತ. ತಪ್ಪು ತಿಳುವಳಿಕೆ ಎಂಬ ಪದ ಹೊಡೆದುಹಾಕಿದ. "ನಾನು ಕ್ವಾರಂಟೈನಿನಲ್ಲಿದ್ದೆ ಎಂದು ಬರೆದದ್ದು ಸುಳ್ಳು. ತಾಯಿ ತೀರಿಕೊಂಡ ಹಿಂದಿನ ದಿನವೇ ನನಗೆ ಬಿಡುಗಡೆಯಾಗಿತ್ತು. ಹೆದರಿ ಹೋಗಲಿಲ್ಲ. ನಾನು ಹೋಗಬೇಕಿದ್ದ ಜಾಗದಲ್ಲಿ ಮಲ್ಲಿಗಾ ಹೋಗಿ ನಿಂತರು." ಈ ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು. ಕಂಪನಿಯ ಪುಟಕ್ಕೆ, ಗುಂಪಿಗೆ, ಮ್ಯಾನೇಜರಿಗೆ ಮೂರು ಕಡೆಗೂ ಕಳಿಸಿದ.

ಗುಂಪಿನಲ್ಲಿ ಯಾರೋ ಇಬ್ಬರು ಕೈ ಮುಗಿದ ಚಿತ್ರ ಹಾಕಿದರು. ಸ್ವಲ್ಪ ಹೊತ್ತಿಗೆ ಒಬ್ಬರು ಬ್ರೆಡ್ ಎಲ್ಲಿ ಸಿಗುತ್ತದೆಂದು ಕೇಳಿದರು, ಮಾತು ಆ ಕಡೆ ತಿರುಗಿತು. ಮೊದಲನೆಯದನ್ನು ಊರೂರಿಗೆ ಹಂಚಿದವರು ಎರಡನೆಯದನ್ನು ಹಂಚಲಿಲ್ಲ. ಕಂಪನಿಯ ಮ್ಯಾನೇಜರ್ ಫೋನ್ ಮಾಡಿ ಬಹಳ ವಿನಯದಿಂದ ಮಾತಾಡಿದ. ನಿಮ್ಮ ಅಭಿಪ್ರಾಯ ತಿದ್ದಿಕೊಂಡದ್ದಕ್ಕೆ ಕೃತಜ್ಞತೆ, ಆದರೆ ನಿಯಮ ಮೀರಿದ್ದು ನಿಯಮ ಮೀರಿದ್ದೇ, ಸಿಬ್ಬಂದಿಯ ವಿಷಯದಲ್ಲಿ ನಿರ್ಧಾರ ಬದಲಾಗುವುದಿಲ್ಲ ಎಂದ. ನರಹರಿ ಎರಡು ಸಲ ಖುದ್ದಾಗಿ ಅವರ ಕಚೇರಿಗೆ ಹೋದ. ಎರಡನೇ ಸಲ ಸ್ವಾಗತದ ಹುಡುಗಿಯೇ ವಾಪಸ್ ಕಳಿಸಿದಳು.

ಅಕ್ಟೋಬರಿನಲ್ಲಿ ನಿರ್ಬಂಧ ಸಡಿಲವಾದಾಗ ಮೂವರೂ ಕ್ಲಾಂಗ್ ಬಂದರಿಗೆ ಹೋಗಿ, ದೋಣಿ ಹಿಡಿದು ಬೂದಿ ಬಿಟ್ಟು ಬಂದರು. ಮಲ್ಲಿಗಾಳನ್ನೂ ಕರೆಯೋಣವೆಂದು ಜಲಜಾ ಫೋನ್ ಮಾಡಿದ್ದಳು. ಅವಳು ಜಲಜಾಳ ಜೊತೆ ಚೆನ್ನಾಗಿಯೇ ಮಾತಾಡಿ, ಅಮ್ಮನನ್ನು ಆವತ್ತೇ ಕಳಿಸಿಕೊಟ್ಟಾಗಿದೆ ಎಂದಿದ್ದಳಂತೆ. ದೋಣಿಯಲ್ಲಿ ಮಡಕೆಯ ಬಟ್ಟೆ ಬಿಚ್ಚುವಾಗ ನರಹರಿ ತಾಯಿಗೆ ಏನೋ ಹೇಳಬೇಕೆಂದುಕೊಂಡ. ಬಟ್ಟೆಯನ್ನಷ್ಟೇ ಮಡಿಸಿ ಪಕ್ಕಕ್ಕಿಟ್ಟ. ವಿಸ್ಮಯಾ ಅಜ್ಜಿಗೆ ಇಷ್ಟವೆಂದು ತಂದಿದ್ದ ಹೂವನ್ನು ನೀರಿಗೆ ಬಿಟ್ಟಳು. ಹಿಂದಿರುಗುವಾಗ ಅವನ ಪಕ್ಕದಲ್ಲಿ ಕೂತಳು.

ಹೊಸ ವರ್ಷದ ಜನವರಿಯಲ್ಲಿ ನಿತ್ಯಾನಂದನ ಫೋನ್ ಬಂತು. ಅವನ ಅತ್ತೆ ವಾರಿಜಾ ಎಂಬತ್ತು ದಾಟಿ ಹಾಸಿಗೆ ಹಿಡಿದಿದ್ದರು.

"ಮಾರಾಯ್ರೆ, ನೀವು ಈ ವಿಷಯದಲ್ಲಿ ಅನುಭವ ಇದ್ದವ್ರು. ಯಾವ ಕಂಪನಿದು ಒಳ್ಳೇದುಂಟು? ಮೊದ್ಲೇ ಮಾಡಿಟ್ರೆ ಒಳ್ಳೇದು ಅಂತ ಕಾಣ್ತದೆ."

ಇಂಥ ಕರೆ ಅವನಿಗೆ ಅದು ಐದನೆಯದೋ ಆರನೆಯದೋ. ದೂರು ಬರೆದವನೆಂದು ಅವನ ಹೆಸರು ಎಲ್ಲರ ಬಾಯಲ್ಲಿ ಉಳಿದಿತ್ತು. ತಿದ್ದುಪಡಿಯನ್ನು ಯಾರೂ ನೆನಪಿಟ್ಟಿರಲಿಲ್ಲ. ಮೊದಲ ಒಂದೆರಡು ಸಲ ಅವನು ಕಾಗದದ ಸಣ್ಣ ಅಕ್ಷರ ಓದಿ, ಸಾಂಕ್ರಾಮಿಕಕ್ಕೆ ಏನು ಹೇಳಿದೆ ನೋಡಿ ಎಂದಷ್ಟೇ ಹೇಳಿ ಜಾರಿಕೊಂಡಿದ್ದ. ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ಈಗ ಹಾಗೆ ಮಾಡುತ್ತಿರಲಿಲ್ಲ.

"ನಿತ್ಯಾನಂದರೇ, ಮೊದಲು ನಾನು ಮಾಡಿದ್ದನ್ನು ಹೇಳ್ತೀನಿ, ಆಮೇಲೆ ಕಂಪನಿ ವಿಷಯ" ಎಂದು ಬುಧವಾರದಿಂದ ಶುರು ಮಾಡಿ ಪೂರ್ತಿ ಹೇಳಿದ. ಎಷ್ಟು ಸಲ ಹೇಳಿದರೂ ಸುಲಭವಾಗಿರಲಿಲ್ಲ.

ನಿತ್ಯಾನಂದ, "ಹೌದಾ ಮಾರಾಯ್ರೆ... ಗುಂಪಲ್ಲಿ ಬಂದದ್ದು ನಾನು ಸರಿ ಓದ್ಲೇ ಇಲ್ಲ" ಎಂದ. ಮತ್ತೆ, "ಆ ಹೆಂಗಸು ಈಗ ಎಂತ ಮಾಡ್ತಿದ್ದಾರೆ? ನಂಬರ್ ಉಂಟಾ?" ಎಂದು ಕೇಳಿದ.

ಮಲ್ಲಿಗಾ ಈಗ ಶವಸಂಸ್ಕಾರ ಮಾಡಿಸುವ ಸಣ್ಣ ಸಂಸ್ಥೆಯೊಂದಕ್ಕೆ ಸೇರಿಕೊಂಡಿದ್ದಾಳೆಂದು ದಿನಸಿ ಅಂಗಡಿಯವನಿಂದ ನರಹರಿಗೆ ತಿಳಿದಿತ್ತು. ಆದರೆ ಕೇಳದೆ ನಂಬರ್ ಕೊಡಲು ಮನಸ್ಸು ಬರಲಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟು, ಬ್ಲಾಕ್ ತೆಗೆದು ಅವಳಿಗೆ ಸಂದೇಶ ಬರೆದ. ನನ್ನ ಪರಿಚಯದವರ ಮನೆಯಲ್ಲಿ ವಯಸ್ಸಾದವರಿದ್ದಾರೆ, ನಡೆದದ್ದೆಲ್ಲ ಅವರಿಗೆ ಹೇಳಿದ್ದೇನೆ, ನಿಮ್ಮ ನಂಬರ್ ಕೇಳುತ್ತಿದ್ದಾರೆ, ಕೊಡಬಹುದೇ?

ಮಧ್ಯಾಹ್ನ ಉತ್ತರ ಬಂತು.

"ಅವರಿಗೆ ಕೊಡಿ. ನೀವು ಮಾತ್ರ ಮತ್ತೆ ಮೆಸೇಜ್ ಮಾಡಬೇಡಿ ಸರ್."

ನರಹರಿ ನಿತ್ಯಾನಂದನಿಗೆ ನಂಬರ್ ಕಳಿಸಿದ. ಮಲ್ಲಿಗಾಗೆ ಥ್ಯಾಂಕ್ಸ್ ಎಂದು ಬರೆಯಹೋದವನು ಅವಳ ಮಾತು ನೆನಪಾಗಿ, ಬರೆದಷ್ಟನ್ನು ಅಳಿಸಿ, ಫೋನನ್ನು ಜೇಬಿಗೆ ಹಾಕಿಕೊಂಡ.